ಬೊಮ್ಮನ ಚೀಲದ ಎರಡು ಕಿಲೋ

ನಾಲ್ಕು ವರ್ಷಗಳ ಹಿಂದೆ, ನಿವೃತ್ತಿಗೆ ಸ್ವಲ್ಪ ಮೊದಲು, ನಾನು ಉದಕಮಂಡಲದ ಒಂದು ಚಾರಣ ಸಂಸ್ಥೆಯಲ್ಲಿ ಸಂಯೋಜಕನಾಗಿದ್ದೆ. ಕಟ್ಟಬೆಟ್ಟುವಿನಿಂದ ಮಸಿನಗುಡಿಯವರೆಗೆ ಐದು ದಿನಗಳ ನಡಿಗೆ. ದಾರಿ, ನೀರು, ಊಟ, ಅರಣ್ಯ ಇಲಾಖೆಯ ಪರ್ಮಿಟ್ ಎಲ್ಲವೂ ನನ್ನ ತಲೆಯ ಮೇಲೆ. ಯಾರನ್ನೂ ನಂಬದವನೇ ಒಳ್ಳೆಯ ಸಂಯೋಜಕ ಎಂದು ತಿಳಿದಿದ್ದವನು ನಾನು. ಹಗ್ಗದ ಗಂಟನ್ನು ಮೂರು ಸಲ ನೋಡುತ್ತಿದ್ದೆ, ಮನುಷ್ಯರನ್ನು ನಾಲ್ಕು ಸಲ.

ಹೊರೆಯವರಿಗೆ ತಲಾ ಹದಿನೈದು ಕಿಲೋ, ಅದಕ್ಕಿಂತ ಹೆಚ್ಚು ಹೊರಿಸಬಾರದು ಎಂಬುದು ನಮ್ಮ ನಿಯಮ. ಚೀಲಗಳನ್ನು ತೂಗಿ ಚೀಟಿ ಕೊಟ್ಟವರು ಕಟ್ಟಬೆಟ್ಟುವಿನ ಬೋಜ ಗೌಡರು. ಸಣ್ಣ ಬೆಳೆಗಾರರು ತರುವ ಚಹಾ ಎಲೆಯನ್ನು ತೂಗಿ ಫ್ಯಾಕ್ಟರಿಗೆ ಕಳಿಸುವ ಶೆಡ್ಡಿನಲ್ಲಿ ಅವರಿಗೆ ಇಪ್ಪತ್ತು ವರ್ಷದ ಅನುಭವ.

ಹೊರಡುವ ಮೂರು ದಿನ ಮೊದಲು ಹೊರೆ ಸಮೇತ ಪರೀಕ್ಷೆಯ ನಡಿಗೆ ಇಟ್ಟೆವು. ಮೂವರು ಹೊರೆಯವರಲ್ಲಿ ಬೊಮ್ಮ ಹಿಂದೆ ಬಿದ್ದ. ಮಸಿನಗುಡಿ ಕಡೆಯ ಕುರುಂಬ ಬುಡಕಟ್ಟಿನವನು, ನಲವತ್ತೈದರ ಆಸುಪಾಸಿನವನು, ಕೊನೆಯ ಎರಡು ದಿನದ ಕಾಡನ್ನು ಅಂಗೈಯಂತೆ ಬಲ್ಲವನು.

"ಭಾರ ಜಾಸ್ತಿ ಸಾರ್. ಹದಿನೈದು ಅಲ್ಲ ಇದು," ಎಂದ.

ಉಳಿದಿಬ್ಬರು ತುಟಿಪಿಟಕ್ಕೆನ್ನಲಿಲ್ಲ. ಇವನೊಬ್ಬನಿಗೆ ಮಾತ್ರ ಭಾರವೇ? ನನ್ನ ತಲೆಗೆ ಹುಳ ಹೊಕ್ಕಿತು. ಚೀಲದಲ್ಲಿ ತನ್ನದೇನೋ ಸೇರಿಸಿದ್ದಾನೆ. ಕಳ್ಳಬೇಟೆಯ ಉರುಳಿನ ತಂತಿಯೋ, ಮತ್ತೇನೋ. ಎಲ್ಲರೆದುರು ಅವನ ಚೀಲವನ್ನು ನೆಲಕ್ಕೆ ಸುರಿಸಿದೆ. ಅಕ್ಕಿ, ಬೇಳೆ, ಟೆಂಟಿನ ಬಟ್ಟೆ, ಪಾತ್ರೆ. ಪಟ್ಟಿಯಲ್ಲಿ ಇಲ್ಲದ್ದು ಒಂದು ಸೂಜಿಯೂ ಸಿಗಲಿಲ್ಲ. ಸಿಗದೇ ಇದ್ದುದರಿಂದ ಸಂಶಯ ಇನ್ನೂ ಬಲಿಯಿತು ನೋಡಿ, ಅಂಥ ಬುದ್ಧಿ ನನ್ನದು! ದಾರಿಯಲ್ಲೇ ಎಲ್ಲೋ ಬಚ್ಚಿಟ್ಟಿರಬೇಕು ಎಂದುಕೊಂಡೆ.

"ನಂಬಲರ್ಹನಲ್ಲ" ಎಂದು ವರದಿ ಬರೆದೂಬಿಟ್ಟೆ. ಅದು ಆಫೀಸು ಸೇರಿದರೆ ಯಾವ ಚಾರಣಕ್ಕೂ ಅವನನ್ನು ಮತ್ತೆ ಕರೆಯುತ್ತಿರಲಿಲ್ಲ. ಕಳಿಸುವ ಮೊದಲು ಅವನ ಸುಳ್ಳನ್ನು ಸಾಬೀತು ಮಾಡೋಣವೆಂದು, ಅದೇ ಚೀಲವನ್ನು ಮತ್ತೆ ತುಂಬಿಸಿ ಅವನಿಂದಲೇ ಹೊರಿಸಿಕೊಂಡು ಗೌಡರ ಶೆಡ್ಡಿಗೆ ಹೋದೆ.

ಈ ಸಲ ತಕ್ಕಡಿಯ ಪಕ್ಕದಲ್ಲೇ ನಿಂತೆ. ಮುಳ್ಳು ಹದಿನೇಳಕ್ಕೆ ನಿಂತಿತು. ಗೌಡರು ಚೀಟಿಯಲ್ಲಿ ಹದಿನೈದು ಎಂದು ಬರೆದರು.

"ಗೌಡ್ರೇ, ಎರಡು ಕಿಲೋ ಎಲ್ಲಿ ಹೋಯ್ತು?"

"ಸಾಕಿಗೊಂದು, ನೀರಿಗೊಂದು ಕಳೆದಿದೀನಲ್ಲ ಸಾರ್. ಎಲೆ ಒದ್ದೆ ಇರ್ತದೆ..." ಎಂದವರು ಅರ್ಧಕ್ಕೇ ನಿಂತರು. ಮುಖ ಸಪ್ಪಗಾಯಿತು. "ಅಯ್ಯೋ ದೇವರೇ, ಇದು ಎಲೆ ಇಲ್ಲೆ!"

'ಸಾಕು' ಎಂದರೆ ಗೋಣಿಚೀಲ. ಅದರದ್ದೊಂದು, ಎಲೆಯ ತೇವದ್ದೊಂದು ಕಿಲೋ ಮುರಿದುಕೊಂಡು ಬರೆಯುವುದು ಅವರ ಕೈಗೆ ಕೂತ ಅಭ್ಯಾಸ. ಮೂರೂ ಚೀಲಗಳ ಕಥೆ ಇಷ್ಟೇ. ಉಳಿದಿಬ್ಬರು ನನಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು.

ನನ್ನ ಮುಖ ಇಂಗು ತಿಂದ ಮಂಗನಂತಾಗಿತ್ತು. ವರದಿಯನ್ನು ಅಲ್ಲೇ ಹರಿದೆ. "ತಪ್ಪು ನನ್ನದು ಬೊಮ್ಮ, ಬರ್ತೀಯಾ?" ಎಂದೆ. "ಬರ್ತೀನಿ ಸಾರ್," ಎಂದಷ್ಟೇ ಹೇಳಿದ.

ಅಳತೆ ತಪ್ಪಿದಾಗ ಮೊದಲು ಅಳೆದ ರೀತಿಯನ್ನು ನೋಡಬೇಕು, ಮನುಷ್ಯನನ್ನಲ್ಲ. ಇಷ್ಟನ್ನು ಕಲಿಯಲು ನನಗೆ ಇಡೀ ವೃತ್ತಿಜೀವನವೇ ಬೇಕಾಯಿತು. ನಾನು ಕಲಿತದ್ದರಿಂದ ಬೊಮ್ಮನಿಗೇನೂ ಪ್ರಯೋಜನವಾಗಲಿಲ್ಲ. ಆ ಐದೂ ದಿನ ಬೆಳಿಗ್ಗೆ, ಹೊರೆ ಎತ್ತುವ ಮೊದಲು, ನಾನು ಬೇಡ ಬೇಡ ಎಂದರೂ ಕೇಳದೆ, ತನ್ನ ಚೀಲವನ್ನು ನನ್ನ ಕಾಲ ಬಳಿ ಬಿಚ್ಚಿಟ್ಟು, "ನೋಡ್ಕೊಳಿ ಸಾರ್," ಎನ್ನುತ್ತಿದ್ದ.