ಹಳೇ ದೋಣಿಯ ಹೊಸ ಎಂಜಿನ್ನು

ದೋಣಿ ಮಾರಲೇಬೇಕೆಂದು ಹಟ ಹಿಡಿದವಳು ನಾನೇ. ಹೋದ ವರ್ಷ ಜೆರೆಜಾಕ್ ದ್ವೀಪದ ಹಿಂದೆ ಹಳೆಯ ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಗಿ, ನಾವಿಬ್ಬರು ಎರಡು ಗಂಟೆ ಬಿಸಿಲಲ್ಲಿ ತೇಲುತ್ತಾ ಕೂತಿದ್ದೆವು. ಕೊನೆಗೆ ಯಾರೋ ಮೀನುಗಾರರು ಹಗ್ಗ ಕಟ್ಟಿ ಎಳೆದು ತಂದರು. ದಡಕ್ಕೆ ಕಾಲಿಟ್ಟ ಕೂಡಲೇ ಹೇಳಿದೆ, "ರೀ, ಒಂದೋ ಈ ದೋಣಿ, ಇಲ್ಲಾ ನಾನು. ಯೋಚನೆ ಮಾಡಿ ಹೇಳಿ." ಅವರು ನಿಜವಾಗಿಯೂ ಎರಡು ದಿನ ಯೋಚನೆ ಮಾಡಿದರು. ಆ ಎರಡು ದಿನವನ್ನು ನಾನಿನ್ನೂ ಮರೆತಿಲ್ಲ.

ನನ್ನ ಗಂಡ ಕುಂದಾಪುರದ ಕಡೆಯವರು. ನೀರು ಕಂಡರೆ ಮಗುವಾಗುತ್ತಾರೆ. ನಾನು ಮೈಸೂರಿನವಳು, ಕೆರೆಗಿಂತ ದೊಡ್ಡ ನೀರನ್ನು ಮದುವೆಯಾದ ಮೇಲೆಯೇ ಸರಿಯಾಗಿ ನೋಡಿದ್ದು. ಇಬ್ಬರಿಗೂ ಈ ಮಲಯ್ ನಾಡಿನಲ್ಲಿ, ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಗಳಲ್ಲಿ ಕೆಲಸ. ಊರಿಗೆ ವಾಪಸ್ ಹೊರಟ ಸಹೋದ್ಯೋಗಿಯೊಬ್ಬ ಈ ಫೈಬರ್ ದೋಣಿಯನ್ನು ಇವರ ತಲೆಗೆ ಕಟ್ಟಿಹೋದಾಗಲೇ ಅದಕ್ಕೆ ಹದಿನೈದು ವರ್ಷ ವಯಸ್ಸು. ಪ್ರತಿ ಶನಿವಾರ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. "ಸ್ವಲ್ಪ ಓಡಿಸೋದು ಕಲಿ ಮಾರಾಯ್ತಿ" ಎಂದು ಸಾವಿರ ಸಲ ಹೇಳಿದ್ದಾರೆ. ನಾನು ಕಲಿಯಲಿಲ್ಲ. ಕಲಿತರೆ ಇವರು ಜನ್ಮದಲ್ಲಿ ದೋಣಿ ಮಾರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇಕೆಂದೇ ಕಲಿಯದೆ ಕೂತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲಿರುವುದು ನಿಜ, ಆದರೆ ಹಟ ಅದಕ್ಕಿಂತ ದೊಡ್ಡದು.

ಆ ಸತ್ತ ಎಂಜಿನ್ನಿನ ಜೊತೆ ದೋಣಿಯನ್ನು ಯಾರೂ ಮೂಸಿ ನೋಡಲಿಲ್ಲ. ಬಂದವರೆಲ್ಲ ಹಿಂಭಾಗಕ್ಕೆ ಹೋಗಿ ಎಂಜಿನ್ನಿನ ಮುಚ್ಚಳ ತೆಗೆದು, ಒಳಗಿನ ತುಕ್ಕು ನೋಡಿ, ನಗುನಗುತ್ತಾ ಹೊರಟುಹೋದರು. ಹೊಸ ಎಂಜಿನ್ನು ಹಾಕಿಸಿಯೇ ಮಾರುವುದೆಂದು ಇವರು ತೀರ್ಮಾನಿಸಿದರು. ಅಲ್ಲಿಗಾದರೂ ಸುಮ್ಮನಿರಬೇಕಲ್ಲ, ಹಳೆಯದು ನಲವತ್ತು ಕುದುರೆಶಕ್ತಿಯದಾದರೆ ಹೊಸದು ಅರವತ್ತರದು ತಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದೆ. "ಬೋಟ್ ಹಾರುತ್ತೆ ನೋಡು, ಬಂದವರು ಬಾಯಿ ಮುಚ್ಚಿ ತಗೊಳ್ತಾರೆ" ಎಂದರು.

ಬಾತು ಮಾಂಗ್ ಕಡೆಯ ಒಂದು ಸಣ್ಣ ಜೆಟ್ಟಿಯಲ್ಲಿ ಕೆಲಸ ನಡೆಯಿತು. ಮೆಕ್ಯಾನಿಕ್ ಒಬ್ಬ ವಯಸ್ಸಾದ ಮಲಯ್ ಮನುಷ್ಯ. ಎಲ್ಲರೂ ಅವರನ್ನು ಪಾಕ್ಚಿಕ್, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು. ಚೈನ್ ಕಟ್ಟಿ ಹಳೆಯ ಎಂಜಿನ್ನನ್ನು ಎತ್ತಿದರು. ದೋಣಿಯ ಹಿಂದಿನ ಹಲಗೆಯಲ್ಲಿದ್ದ ಹಳೆಯ ತೂತುಗಳನ್ನು ಮುಚ್ಚಿ ಹೊಸವನ್ನು ಕೊರೆದರು. ವೇಗ ಹೆಚ್ಚು ಕಡಿಮೆ ಮಾಡುವ ಹಿಡಿಕೆಯಿದ್ದ ಪೆಟ್ಟಿಗೆಯನ್ನೂ ಬದಲಿಸಿದರು. ಆ ಪೆಟ್ಟಿಗೆಯಿಂದ ಟೆಲಿಫೋನಿನ ವೈರಿನ ಹಾಗೆ ಸುರುಳಿ ಸುತ್ತಿದ ಒಂದು ಕೆಂಪು ದಾರ ಜೋತಾಡುತ್ತಿತ್ತು. "ನೋಡಿಲ್ಲಿ, ಇದನ್ನ ಓಡಿಸೋರು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋದು. ಬಿದ್ರೆ ದಾರ ಕಿತ್ಕೊಂಡು ಎಂಜಿನ್ ಆಫ್ ಆಗುತ್ತೆ" ಎಂದು ಇವರು ತೋರಿಸಿದರು. "ಮಾರೋ ದೋಣಿಯ ಪುರಾಣ ನನಗ್ಯಾಕೆ?" ಎಂದು ನಾನು ಫೋನ್ ನೋಡುತ್ತಾ ಕೂತೆ. ಪಾಕ್ಚಿಕ್ ಮಾತ್ರ ಎಂಜಿನ್ನನ್ನು ತಟ್ಟಿ, ದೋಣಿಯನ್ನು ತಟ್ಟಿ, ತಲೆಯಾಡಿಸಿದರು. "ದೋಣಿಗೆ ವಯಸ್ಸಾಗಿದೆ, ಎಂಜಿನ್ನಿಗೆ ಪ್ರಾಯ. ಸ್ಲೋಲಿ ಲಾ" ಎಂದು ಮಲಯ್ ಮತ್ತು ಇಂಗ್ಲಿಷ್ ಬೆರೆಸಿ ಹೇಳಿದರು.

ಶನಿವಾರ ಹನ್ನೊಂದಕ್ಕೆ ಕೊಳ್ಳುವವರು ಬರುವುದಿತ್ತು. ಬಟರ್‌ವರ್ತ್‌ನ ಒಂದು ತಮಿಳು ದಂಪತಿ, ನಿವೃತ್ತರು. ಅವರು ಬರುವ ಮೊದಲೇ ಒಮ್ಮೆ ಓಡಿಸಿ ನೋಡೋಣವೆಂದು ಒಂಬತ್ತಕ್ಕೇ ಹೊರಟೆವು. ಹಿಂಭಾಗ ಎಷ್ಟು ಮುಳುಗುತ್ತದೆಂದು ಹೊರಗಿನಿಂದ ನೋಡುತ್ತೇನೆ ಎಂದು ಪಾಕ್ಚಿಕ್ ಜೆಟ್ಟಿಯ ತುದಿಯಲ್ಲೇ ನಿಂತರು. "ಎಂಜಿನ್ ಭಾರ ಇದೆ, ಮುಂದೆ ತೂಕ ಬೇಕು, ನೀನು ಕೂತ್ಕೋ" ಎಂದರು ನನ್ನ ಗಂಡ. ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನ ತೂಕವನ್ನು ಅವರು ಮೆಚ್ಚಿಕೊಂಡದ್ದು ಅದೇ ಮೊದಲು. ನಾನು ಲೈಫ್ ಜಾಕೆಟ್ ಹಾಕಿಕೊಂಡು ಕೂತೆ. ಅವರು ಹಾಕಿಕೊಳ್ಳಲಿಲ್ಲ. ಕೆಂಪು ದಾರವನ್ನೂ ಸಿಕ್ಕಿಸಿಕೊಳ್ಳಲಿಲ್ಲ. ಆಗಾಗ ಹಿಂದೆ ಹೋಗಿ ಎಂಜಿನ್ನನ್ನು ತಂಪಾಗಿಡುವ ನೀರು ಸರಿಯಾಗಿ ಚಿಮ್ಮುತ್ತಿದೆಯೇ ನೋಡಬೇಕಿತ್ತಂತೆ, ದಾರ ಅಷ್ಟು ದೂರ ಬರುವುದಿಲ್ಲವಂತೆ.

ಮೊದಲ ಹತ್ತು ನಿಮಿಷ ಎಲ್ಲ ಚೆನ್ನಾಗಿಯೇ ಇತ್ತು. ಹೊಸ ಎಂಜಿನ್ನು ಸದ್ದೇ ಮಾಡುತ್ತಿರಲಿಲ್ಲ. ಇಷ್ಟು ಚೆನ್ನಾಗಿದ್ದರೆ ಇವರು ಮನಸ್ಸು ಬದಲಾಯಿಸಿಬಿಡುತ್ತಾರೇನೋ ಎಂದು ನನಗೆ ಒಳಗೊಳಗೇ ಸಿಟ್ಟೂ ಬಂತು. ಜೆಟ್ಟಿಯ ಕಡೆ ವಾಪಸ್ ತಿರುಗಿಸಿ, ಹಿಡಿಕೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಸ್ಟಿಯರಿಂಗ್ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದರು. ಅಷ್ಟರಲ್ಲಿ ದೂರ ಹೋದ ಯಾವುದೋ ಟಗ್‌ಬೋಟಿನ ಅಲೆ ಬಂದು ಪಕ್ಕಕ್ಕೆ ಬಡಿಯಿತು. ದೋಣಿ ಒಮ್ಮೆ ಎದ್ದು ಬಿತ್ತು. ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಹಿಂತಿರುಗಿ ನೋಡಿದರೆ ಅವರಿರಲಿಲ್ಲ.

ಹಿಡಿಯುವ ಕೈಯಿಲ್ಲದ ಸ್ಟಿಯರಿಂಗ್ ತಾನಾಗಿಯೇ ಒಂದು ಕಡೆಗೆ ತಿರುಗಿ ದೋಣಿ ವಾಲಿತು, ದೊಡ್ಡದೊಂದು ಸುತ್ತು ಹೊಡೆಯತೊಡಗಿತು. ಆ ಸುತ್ತಿನ ನಡುವೆ ನೀರಿನಲ್ಲಿ ಇವರ ತಲೆ ಕಂಡಿತು. ಸುತ್ತು ಕ್ರಮೇಣ ಚಿಕ್ಕದಾಗುತ್ತಾ ಅವರ ಹತ್ತಿರಕ್ಕೇ ಬರುತ್ತಿತ್ತು. ನನ್ನ ಬೆನ್ನ ಹಿಂದೆ ಅರವತ್ತು ಕುದುರೆಗಳು ತಿರುಗಿಸುತ್ತಿದ್ದ ಪ್ರೊಪೆಲರ್ ಇತ್ತು. ಯಾವುದನ್ನು ಒತ್ತಬೇಕು, ಯಾವುದನ್ನು ಎಳೆಯಬೇಕು, ನನಗೇನೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದಿಲ್ಲವೆಂದು ವರ್ಷಗಟ್ಟಲೆ ಹಟ ಹಿಡಿದಿದ್ದೆನಲ್ಲ.

ಜೆಟ್ಟಿಯಿಂದ ಪಾಕ್ಚಿಕ್ ಕೂಗುವುದು ಕೇಳಿಸಿತು. ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗುತ್ತಿದ್ದರು.

"ತಾಳೀ! ಪುವಾನ್, ತಾಳೀ!"

ಪುವಾನ್ ಅಂದರೆ ಅಮ್ಮಾವರೇ ಎಂದು ಗೊತ್ತು. ತಾಳಿ ಎನ್ನುವುದು ನಮ್ಮದೇ ಮಾತು. ಮೈಸೂರಿನಲ್ಲಿ ದೊಡ್ಡವರು ಹಾಗೇ ಹೇಳುತ್ತಾರೆ, ತಾಳಿ, ಸ್ವಲ್ಪ ತಾಳಿ, ಅವಸರ ಬೇಡ. ಆ ಹೊತ್ತಿನಲ್ಲಿ ನನ್ನ ತಲೆಗೆ ಆತ ಮಲಯ್ ಮನುಷ್ಯ, ಕನ್ನಡ ಹೇಗೆ ಬಂತು ಎನ್ನುವುದು ಹೊಳೆಯಲೇ ಇಲ್ಲ. ಹಿರಿಯರೊಬ್ಬರು ತಾಳಿ ಎಂದರು, ನಾನು ತಾಳಿದೆ. ಕಂಬಿ ಹಿಡಿದುಕೊಂಡು, ಮುಂದೇನು ಹೇಳುತ್ತಾರೋ ಎಂದು ಅವರನ್ನೇ ನೋಡುತ್ತಾ ಕೂತೆ.

ದೋಣಿ ಇನ್ನೊಂದು ಸುತ್ತು ಬಂತು.

"ತಾಳೀ! ತಾಳೀ!" ಈ ಸಲ ಅವರು ಒಂದು ಮುಷ್ಟಿಯನ್ನು ಎದೆಯ ಹತ್ತಿರ ಹಿಡಿದು ಜೋರಾಗಿ ಎಳೆದು ಎಳೆದು ತೋರಿಸುತ್ತಿದ್ದರು. ನನ್ನ ಕೈ ಕುತ್ತಿಗೆಗೆ ಹೋಯಿತು. ಕಾರ್ಖಾನೆಯ ಕ್ಲೀನ್ ರೂಮಿಗೆ ಒಡವೆ ಹಾಕಿಕೊಂಡು ಹೋಗುವಂತಿಲ್ಲ, ಕೆಲಸದ ದಿನಗಳಲ್ಲಿ ತಾಳಿಯ ಕರಿಮಣಿ ಸರ ಲಾಕರಿನಲ್ಲಿರುತ್ತದೆ, ಶನಿವಾರ ಭಾನುವಾರ ಮಾತ್ರ ಕೊರಳಲ್ಲಿ. ಲೈಫ್ ಜಾಕೆಟಿನ ಒಳಗೆ ಕೈ ತೂರಿಸಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈ ಮನುಷ್ಯ ಎದೆಯ ಹತ್ತಿರ ಎಳೆದು ತೋರಿಸುತ್ತಿರುವುದು ತಾಳಿಯನ್ನೇ, ತೆಗೆಯಮ್ಮಾ ಎನ್ನುತ್ತಿದ್ದಾನೆ, ಮುಗಿಯಿತು ಎನ್ನುತ್ತಿದ್ದಾನೆ ಎಂದುಕೊಂಡೆ. ಇವರ ಹೆಸರು ಹಿಡಿದು ಕೂಗಿದೆ. ಗಂಡನ ಹೆಸರು ಹಿಡಿದು ಕೂಗಿದ್ದು ಅದೊಂದೇ ಸಲ.

"ಮೇರಾ!" ಎಂದು ಕಿರುಚಿದರು ಪಾಕ್ಚಿಕ್. "ತಾಳೀ ಮೇರಾ!"

ನನ್ನ ಮಲಯ್ ಏನಿದ್ದರೂ ಸಂತೆಯ ಮಲಯ್. ಎಷ್ಟು, ಕಡಿಮೆ ಮಾಡಿ, ತಪಾವ್, ಅಂದರೆ ಕಟ್ಟಿಕೊಡಿ, ಅಷ್ಟೇ. ಆದರೆ ವಾರವಾರ ಸಂತೆಯಲ್ಲಿ ಸಾಂಬಾರ್ ಈರುಳ್ಳಿಯನ್ನು ಬಾವಾಂಗ್ ಮೇರಾ ಎಂದು ಕೇಳಿ ತರುತ್ತಿದ್ದವಳು ನಾನು. ಮೇರಾ ಅಂದರೆ ಕೆಂಪು. ಕೆಂಪು ಎಂದು ಹೊಳೆದ ಕೂಡಲೇ ಆ ಕೆಂಪು ದಾರ ಕಣ್ಣಿಗೆ ಬಿತ್ತು, ಖಾಲಿ ಸ್ಟಿಯರಿಂಗಿನ ಪಕ್ಕ ಜೋತಾಡುತ್ತಿತ್ತು. ವಾಲಿದ ದೋಣಿಯಲ್ಲಿ ಮೊಣಕಾಲೂರಿ ತೆವಳಿ ಹೋಗಿ, ಎರಡೂ ಕೈಗಳಿಂದ ಹಿಡಿದು ಕಿತ್ತೆಳೆದೆ.

ಎಂಜಿನ್ನು ನಿಂತಿತು. ಪೂರ್ತಿ ನಿಶ್ಶಬ್ದ. ದೋಣಿ ಇನ್ನೂ ಸ್ವಲ್ಪ ದೂರ ತೇಲಿತು. ನೀರಿನಲ್ಲಿ ಯಾರೂ ಕಾಣಲಿಲ್ಲ. ನಾನು ಎಲ್ಲ ದೇವರನ್ನೂ ಬೈದೆ, ಇವರನ್ನೂ ಬೈದೆ, ನನ್ನನ್ನೂ ಬೈದುಕೊಂಡೆ. ಆಗ ದೋಣಿಯ ಇನ್ನೊಂದು ಅಂಚಿನ ಮೇಲೆ ಐದು ಬೆರಳು ಕಾಣಿಸಿತು.

ಪಾಕ್ಚಿಕ್ ತಮ್ಮ ಸಣ್ಣ ದೋಣಿಯಲ್ಲಿ ಬಂದು ಇಬ್ಬರನ್ನೂ ಜೆಟ್ಟಿಗೆ ಎಳೆದು ತಂದರು. ಇವರಿಗೆ ಒಂದು ಗೀರೂ ಆಗಿರಲಿಲ್ಲ, ಒಂದು ಚಪ್ಪಲಿ ಮಾತ್ರ ಹೋಗಿತ್ತು. "ಎಂತ ಆಯ್ತೆಂದು ಅಳ್ತಿ ಮಾರಾಯ್ತಿ? ನಾ ಬದಿಗೆ ಈಜ್ತಾ ಇದ್ದೆ" ಎಂದರು. ಅವರ ತುಟಿ ಬೆಳ್ಳಗಾಗಿತ್ತು. ಮೂರು ಸಲ ಅದನ್ನೇ ಹೇಳಿದರು. ನಂಬಬೇಕೆನಿಸಿತು, ನಂಬಿದೆ. ಆಮೇಲೆ ಪಾಕ್ಚಿಕ್ ನನ್ನ ಕೈಯಲ್ಲಿ ಇನ್ನೂ ಇದ್ದ ಕೆಂಪು ದಾರವನ್ನು ಮೆಲ್ಲಗೆ ಬಿಡಿಸಿಕೊಂಡು, ಅದನ್ನು ಎತ್ತಿ ಹಿಡಿದು, "ತಾಲಿ" ಎಂದರು. ಅವರ ಭಾಷೆಯಲ್ಲಿ ತಾಲಿ ಅಂದರೆ ಹಗ್ಗ, ದಾರ. ಅಷ್ಟೇ.

ಹನ್ನೊಂದಕ್ಕೆ ಸರಿಯಾಗಿ ಆ ದಂಪತಿ ಬಂದರು. ಇವರು ಕಾರಿನಲ್ಲಿದ್ದ ಒಣ ಅಂಗಿ ಹಾಕಿಕೊಂಡು, ಒದ್ದೆ ತಲೆ ಬಾಚಿಕೊಂಡು, ಬರಿಗಾಲಲ್ಲೇ ನಿಂತಿದ್ದರು. "ಬಾಯಿ ಬಿಡ್ಬೇಡ. ಇವತ್ತು ಹೋಗ್ಲಿ ಈ ದೋಣಿ" ಎಂದು ಕನ್ನಡದಲ್ಲಿ ನನಗೆ ಪಿಸುಗುಟ್ಟಿದರು. ನನಗೂ ಅದೇ ಬೇಕಿತ್ತು. ಆ ದೋಣಿಯನ್ನು ಇನ್ನೊಂದು ದಿನ ನೋಡಲು ನನಗೂ ಇಷ್ಟವಿರಲಿಲ್ಲ. ಕೊಳ್ಳಲು ಬಂದ ಯಜಮಾನರು ಎಂಜಿನ್ನಿನ ಮುಚ್ಚಳ ತೆಗೆದು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಅವರ ಹೆಂಡತಿ ಸೀರೆ ಎತ್ತಿ ಹಿಡಿದು ದೋಣಿಗೆ ಇಳಿದು ಮುಂದಿನ ಸೀಟಿನಲ್ಲಿ ಕೂತರು. "ನನಗೆ ಇದೆಲ್ಲ ತೆರಿಯಾದು ಮಾ, ಒಂದೂ ಗೊತ್ತಿಲ್ಲ, ಸುಮ್ಮನೆ ಇವರ ಜೊತೆ ಕೂತು ಬರೋದು" ಎಂದು ನನ್ನತ್ತ ನೋಡಿ ನಕ್ಕರು.

ನನಗೆ ತಡೆಯಲಾಗಲಿಲ್ಲ. ಮಾರಾಟ ಕೆಟ್ಟರೆ ಕೆಡಲಿ ಎಂದುಕೊಂಡು ದೋಣಿಗೆ ಇಳಿದು ಆಕೆಯ ಪಕ್ಕ ಕೂತೆ. ನನ್ನ ಅರ್ಧಂಬರ್ಧ ತಮಿಳಿನಲ್ಲಿ, ನಡುವೆ ಇಂಗ್ಲಿಷ್ ಸೇರಿಸಿ, ಎಲ್ಲ ಹೇಳಿದೆ. ತಾಳಿ ಎಂದು ಕೇಳಿಸಿಕೊಂಡು ಸುಮ್ಮನೆ ಕೂತದ್ದನ್ನೂ ಹೇಳಿದೆ, ಕುತ್ತಿಗೆ ಹಿಡಿದುಕೊಂಡದ್ದನ್ನೂ ಹೇಳಿದೆ. ಇಲ್ಲೇ ಹುಟ್ಟಿ ಬೆಳೆದ ಆಕೆಗೆ ಮಲಯ್ ಚೆನ್ನಾಗಿ ಬರುತ್ತಿತ್ತು, ಆ ತಪ್ಪು ಆಕೆ ಮಾಡುತ್ತಿರಲಿಲ್ಲ. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ. ಕೆಂಪು ದಾರವನ್ನು ಸಿಕ್ಕಿಸಿ, ಕಿತ್ತು, ಮತ್ತೆ ಸಿಕ್ಕಿಸಿ ಕಿತ್ತು ನೋಡಿದರು. ಆಮೇಲೆ ಗಂಡನನ್ನು ಕರೆದು ಅದರ ಕೊಕ್ಕೆಯನ್ನು ಅವರ ಬೆಲ್ಟಿಗೆ ತಾವೇ ಸಿಕ್ಕಿಸಿದರು.

"ಎಷ್ಟು ಹೊತ್ತಾಯ್ತು ಮಾ, ನೀನು ಇದನ್ನ ಎಳೆಯೋಕೆ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

ಜೆಟ್ಟಿಯ ಮೇಲೆ ನಿಂತಿದ್ದ ನನ್ನ ಗಂಡ ಆಗ ಬಾಯಿ ಬಿಟ್ಟರು. ನನ್ನನ್ನು ನೋಡಲಿಲ್ಲ, ತಮ್ಮ ಬರಿಗಾಲನ್ನು ನೋಡುತ್ತಾ ಕನ್ನಡದಲ್ಲೇ ಹೇಳಿದರು.

"ಎರಡು ಸಲ ದೋಣಿ ನನ್ನ ಮೈಗೆ ತಾಗುವಷ್ಟು ಹತ್ರ ಬಂತು. ಮೊದಲ್ನೇ ಸಲ ಮುಳುಗಿ ತಪ್ಪಿಸ್ಕೊಂಡೆ. ಎರಡನೇ ಸಲಕ್ಕೆ ಕೈ ಸೋತಿತ್ತು. ಈಜೋದು ಬಿಟ್ಟು, ನಿನ್ನ ಮುಖ ನೋಡ್ತಾ ಇದ್ದೆ."

ಅದು ನಾನು ತಾಳಿಕೊಂಡು ಕೂತಿದ್ದ ಹೊತ್ತು.