ಸಿಪ್ಪೆ ತೆಗೆದ ಕಾಳು

ಚಿದಾನಂದ ಓದಿದ್ದು ನನ್ನಷ್ಟೇ, ಏಳನೇ ಕ್ಲಾಸು. ಆದರೆ ಒಂದು ಕಾಳಿನ ಹೆಸರನ್ನು ಯುರೋಪಿನ ಏಳೆಂಟು ಭಾಷೆಗಳಲ್ಲಿ ಹೇಳಬಲ್ಲ. ಅದೇ ಭಾಷೆಗಳಲ್ಲಿ ನೀರು ಕೇಳು ಅಂದರೆ ಕೈಸನ್ನೆ ಮಾಡುತ್ತಾನೆ.

ಫಾವಾ ಬೀನ್ಸ್ ಅನ್ನುವ ಆ ಕಾಳು ಅವನ ಮೈಗೆ ವಿಷ. ಹುಟ್ಟಿನಿಂದಲೇ ಅವನ ರಕ್ತದಲ್ಲಿ ಏನೋ ಒಂದು ಕಮ್ಮಿ. ತಿಂದರೆ ರಕ್ತ ಒಡೆಯುತ್ತದೆ. ಹ್ಯೂಸ್ಟನ್ನಿನಲ್ಲಿ ಒಂದು ಸಲ ಹಾಗಾಗಿ ಆಸ್ಪತ್ರೆ ಸೇರಿದಾಗ, ಇನ್ನೊಮ್ಮೆ ತಿಂದರೆ ಜೀವಕ್ಕೆ ಗ್ಯಾರಂಟಿ ಇಲ್ಲ ಎಂದಿದ್ದರು ಡಾಕ್ಟರು.

ನಮ್ಮದು ವ್ಯಾನಿನ ಕೆಲಸ. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತಿ ಅಂಗಡಿಗಳಿಗೆ ಎಣ್ಣೆ, ಚೀಸ್ ಇಳಿಸುವುದು. ಅವನು ಓಡಿಸುತ್ತಾನೆ, ನಾನು ಹೊರುತ್ತೇನೆ. ಅಂಗಡಿಯವರು ಊಟಕ್ಕೆ ಕರೆದರೆ ಕೂರುವ ಮೊದಲೇ ಇವನ ಮಂತ್ರ ಶುರು. ಇಟಲಿಯವರ ಮುಂದೆ ಫಾವೆ, ಸ್ಪೇನಿನವರ ಮುಂದೆ ಆಬಾ, ಫ್ರೆಂಚರ ಮುಂದೆ ಫೆವ್, ಪೋಲೆಂಡಿನವರ ಮುಂದೆ ಬೂಬ್. ಹೆಸರು ಹೇಳಿ ಎರಡೂ ಕೈ ಆಡಿಸುತ್ತಾನೆ. ಕುಕ್ಯಾ ಎಂದ ಕೂಡಲೇ ಗ್ರೀಕ್ ಯಜಮಾನ ತಟ್ಟೆ ವಾಪಸು ಎಳೆದುಕೊಂಡಿದ್ದ. ಅವನ ಚಿಕ್ಕಪ್ಪನಿಗೂ ಇದೇ ತೊಂದರೆಯಂತೆ.

ಸಂಕ್ರಾಂತಿಗೆ ಡಾಲಸ್ ಪಕ್ಕದ ಫ್ರಿಸ್ಕೋದ ಅಲಮೇಲು ನಮ್ಮನ್ನು ಊಟಕ್ಕೆ ಕರೆದಳು. ಮೈಸೂರಿನ ಹುಡುಗಿ. ಹಿದುಕಿದ ಅವರೆಬೇಳೆ ಸಾರು ಮಾಡಿದ್ದಳು. ಚಿದಾನಂದ ಮಂತ್ರ ಹೇಳಲಿಲ್ಲ. ಕನ್ನಡದವರ ಮನೆ, ಅವರೆಬೇಳೆ, ಕೇಳುವುದೇನಿದೆ? ಎರಡು ಸಲ ಹಾಕಿಸಿಕೊಂಡ.

"ಬೇಳೆ ಇಷ್ಟು ದಪ್ಪ ಇದೆಯಲ್ಲಮ್ಮಾ," ಅಂದೆ ನಾನು.

"ಇಲ್ಲಿ ಒಳ್ಳೆ ಅವರೆ ಎಲ್ಲಿ ಸಿಗತ್ತೆ ಅಂಕಲ್? ಫಾವಾ ಬೀನ್ಸ್ ನೆನೆಹಾಕಿ ಹಿದುಕಿದೆ. ಗೊತ್ತೇ ಆಗಲ್ಲ ಅಲ್ವಾ?"

ಚಿದಾನಂದ ಚಮಚ ಕೆಳಗಿಟ್ಟ. ನಾನು ಕೂಗಾಡಿದೆ. ಅವನೇ ತಡೆದ. "ಸುಮ್ನಿರೋ. ಊರವರನ್ನೆಲ್ಲಾ ಕೇಳ್ತೀನಿ, ನಮ್ಮೋರನ್ನ ಕೇಳ್ಲಿಲ್ಲ."

ಅವತ್ತೇ ಆಸ್ಪತ್ರೆಗೆ ಹೋದೆವು. ಮಾರನೇ ದಿನ ಮೂತ್ರ ಕರೀ ಟೀಯಂತಾಯಿತು. ಬೇರೆಯವರ ರಕ್ತ ಕೊಟ್ಟು ಉಳಿಸಿದರು. ಅಲಮೇಲು ದಿನಾ ಗಂಜಿ ತಂದಳು. ಗಂಜಿಗೆ ಏನೇನು ಹಾಕಿದೀಯಮ್ಮಾ ಎಂದು ಅವನು ದಿನಾ ಕೇಳಿದ. ಅಕ್ಕಿ, ಉಪ್ಪು ಎಂದು ಅವಳು ದಿನಾ ಹೇಳಿದಳು.

ಸಿಪ್ಪೆ ತೆಗೆದ ಮೇಲೆ ಯಾವ ಕಾಳಿಗೂ ಮುಖ ಇರುವುದಿಲ್ಲ. ಅದಕ್ಕೇ ಮುಂದಿನ ಸಂಕ್ರಾಂತಿಗೆ ಅವಳು ಎಲ್ಲಿಂದಲೋ ಅವರೆ ತರಿಸಿ, ನೆನೆಸಿ, ಸಿಪ್ಪೆ ಸಮೇತ ಅವನ ಮುಂದಿಟ್ಟಳು.

"ಮೂಗು ನೋಡ್ಕೊಳ್ಳಿ ಅಂಕಲ್. ಅವರೆಗಾದ್ರೆ ಬಿಳೀದು, ಫಾವಾಗೆ ಕರೀದು."

ಒಂದೊಂದು ಕಾಳಿನ ಬಿಳೀ ಮೂಗು ನೋಡಿ ನೋಡಿ ಹಿದುಕಿದ. ಬಂದವರಿಗೆಲ್ಲಾ ಆಗುವಷ್ಟು. ಅಲಮೇಲುವಿನ ಗಂಡ ಪ್ರಹ್ಲಾದ್ ಬಾಗಿಲಲ್ಲಿ ನಿಂತು, "ಅಂಕಲ್, ಹೊಟ್ಟೆ ಹಸೀತಾ ಇದೆ," ಅಂದ.

"ಹಸಿದು ಯಾರೂ ಆಸ್ಪತ್ರೆಗೆ ಹೋಗಲ್ಲ. ಕೂತ್ಕೊಳಪ್ಪಾ."

ಸಂಜೆ ಹೊತ್ತಿಗೆ ಊಟವಾಯಿತು. ತುತ್ತು ಬಾಯಿಗಿಡುವ ಮುಂಚೆ ಅವನು ಅಲಮೇಲುವಿನ ಮುಖ ನೋಡಿದ.

"ಅವರೆ?"

"ಅವರೆ, ಅಂಕಲ್."

ತಾನೇ ಹಿದುಕಿದ್ದು. ಆದರೂ ಕೇಳಿದ. ಆಮೇಲೆ ತಿಂದ.