ದಾಖಲೆ ಕೋಣೆಯ ಚೇಟ್ಟ

ನಲವತ್ತೈದನೆಯ ವಯಸ್ಸಿನಲ್ಲಿ ನಾನು ಮಾಹಿತಿ ಮತ್ತು ಜ್ಞಾನ ನಿರ್ವಹಣೆಯ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದು ಭಾನುವಾರಗಳ ಕಾಟ ತಡೆಯಲಾರದೆ. ಜ್ಞಾನದ ಹಸಿವು ಗಿಸಿವು ಏನೂ ಇರಲಿಲ್ಲ. ಮೈಸೂರಿನಿಂದ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯೊಂದಕ್ಕೆ ವರ್ಗವಾಗಿ ಬಂದು ಕಳಮಶ್ಶೇರಿಯಲ್ಲಿ ಒಬ್ಬಳೇ ಮನೆ ಮಾಡಿದ್ದೆ. ಶುಕ್ರವಾರ ಸಂಜೆ ಆಫೀಸು ಬಿಟ್ಟರೆ ಸೋಮವಾರದವರೆಗೆ ಬಾಯಿ ತೆರೆಯಲು ಕಾರಣವಿರುತ್ತಿರಲಿಲ್ಲ. ಕನ್ನಡದಲ್ಲಿ ಬೈಸಿಕೊಳ್ಳಲು ಸಿಗುತ್ತಿದ್ದುದು ಕುಕ್ಕರ್ ಒಂದೇ. "ಕೂಗೇ ತಾಯಿ, ಎಷ್ಟೊತ್ತು!" ಅನ್ನುತ್ತಿದ್ದೆ. ತಿಂಗಳಿಗೆ ಎರಡು ಭಾನುವಾರ ತಿರುವನಂತಪುರದಲ್ಲಿ ತರಗತಿ ಎಂದು ಗೊತ್ತಾದಾಗ, ಹೋಗಿಬರುವ ರೈಲಿನಲ್ಲೇ ಅರ್ಧ ದಿನ ಕಳೆಯುತ್ತದಲ್ಲ ಎಂಬ ಖುಷಿಗೆ ಫಾರಂ ತುಂಬಿದೆ.

ಆಫೀಸಿನಲ್ಲಿ ನನ್ನೊಡನೆ ಮಾತಾಡುತ್ತಿದ್ದವರು ಒಬ್ಬರೇ, ದಾಖಲೆ ಕೋಣೆಯ ಚೇಟ್ಟ. ಚೇಟ್ಟ ಎಂದರೆ ಅಣ್ಣ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಕೆಲಸಕ್ಕೆ ಬಂದ ಮೊದಲ ವಾರ ಫೈಲುಗಳ ಪಟ್ಟಿ ಬೇಕಾಗಿ ಅವರ ಬಾಗಿಲಲ್ಲಿ ನಿಂತು, ಆಗಷ್ಟೇ ಕಲಿತ ಮಲಯಾಳದಲ್ಲಿ "ಪಟ್ಟಿ ಎವಿಡೆ?" ಎಂದಿದ್ದೆ, ಪಟ್ಟಿ ಎಲ್ಲಿ ಎಂದು. ಅವರು ಕನ್ನಡಕದ ಮೇಲಿಂದ ನೋಡಿ, "ಇಲ್ಲಿ ಪಟ್ಟಿ ಇಲ್ಲ ಮೇಡಂ, ಬೆಕ್ಕಿದೆ, ಆಗಬಹುದಾ?" ಎಂದರು. ಅವರ ಭಾಷೆಯಲ್ಲಿ ಪಟ್ಟಿ ಎಂದರೆ ನಾಯಿ! ನಗುವುದು ಮರೆತೇಹೋಗಿದೆ ಅಂದುಕೊಂಡಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂದಿನಿಂದ ನಮ್ಮಿಬ್ಬರ ಊಟ ಒಂದೇ ಮೇಜಿನಲ್ಲಿ. ನನ್ನ ಸಾರು ಅವರಿಗೆ ನೀರು, ಅವರ ಮೀನು ಕಂಡರೆ ನಾನು ಮೂಗು ಮುಚ್ಚಿಕೊಳ್ಳುವವಳು. ಆದರೂ ಮಧ್ಯಾಹ್ನ ಒಂದು ಗಂಟೆಗಾಗಿಯೇ ನಾನು ಆಫೀಸಿಗೆ ಹೋಗುತ್ತಿದ್ದೆ.

ಚೇಟ್ಟ ನಿವೃತ್ತರಾಗಿ ವರ್ಷಗಳಾಗಿದ್ದವು. ಹೆಂಡತಿ ತೀರಿಕೊಂಡ ಮೇಲೆ ಹತ್ತಿರದ ಏಲೂರಿನ ಮನೆಯಲ್ಲಿ ಅವರೂ ಒಬ್ಬರೇ. ಅವರಿಲ್ಲದೆ ಒಂದು ಫೈಲೂ ಸಿಗುವುದಿಲ್ಲ ಎಂದು ಆಫೀಸಿನವರು ವರ್ಷ ವರ್ಷವೂ ಗುತ್ತಿಗೆ ಮುಂದುವರಿಸುತ್ತಿದ್ದರು. ನಿಜವೇ. ಜಮೀನಿನ ಫೈಲು ಕ್ಯಾಂಟೀನಿನ ಕಟ್ಟಿನಲ್ಲಿರುತ್ತಿತ್ತು, ಏಕೆಂದರೆ ಆ ಜಮೀನನ್ನು ಮೊದಲು ಕೊಂಡದ್ದು ಕ್ಯಾಂಟೀನ್ ಕಟ್ಟಲು. ನೆರೆ ಬಂದಾಗ ಮೇಲಕ್ಕೆ ಹೋದ ಪೆನ್ಶನ್ ಕಡತಗಳು ಮತ್ತೆ ಕೆಳಗೆ ಇಳಿಯಲೇ ಇಲ್ಲ. ಇದೆಲ್ಲ ಎಲ್ಲಿಯೂ ಬರೆದಿರಲಿಲ್ಲ, ಚೇಟ್ಟನ ತಲೆಯಲ್ಲಿತ್ತು.

ತರಗತಿಯಲ್ಲಿ ಇದಕ್ಕೇ ಒಂದು ಇಡೀ ಪಾಠವಿತ್ತು. ಒಬ್ಬರ ತಲೆಯೊಳಗಿರುವ ತಿಳಿವಳಿಕೆಯನ್ನು ಹೊರತೆಗೆದು ಎಲ್ಲರಿಗೂ ಸಿಗುವಂತೆ ಮಾಡಬೇಕು ಎಂದರು ಪ್ರಾಧ್ಯಾಪಕಿ. ನಾನು ಉತ್ಸಾಹದಿಂದ ಕೈ ಎತ್ತಿ ಚೇಟ್ಟನ ವಿಷಯ ಹೇಳಿದೆ. "ಇದೇ ನಿಮ್ಮ ಪ್ರಬಂಧ," ಎಂದುಬಿಟ್ಟರು. ಆಫೀಸಿನಲ್ಲಿ ಅನುಮತಿ ಕೇಳಲು ಹೋದರೆ ಅಧಿಕಾರಿಗೂ ಖುಷಿಯೋ ಖುಷಿ. "ಬೇಗ ಮುಗಿಸಿ. ಆಮೇಲೆ ಅವರ ಗುತ್ತಿಗೆ ಬೇಕಾಗುವುದಿಲ್ಲವಲ್ಲ," ಎಂದರು. ನಾನು ಎದ್ದು ಬರಬೇಕಿತ್ತು. ಬರಲಿಲ್ಲ.

ಚೇಟ್ಟನಿಗೆ ಎಲ್ಲ ಹೇಳಿಬಿಟ್ಟೆ, ಅಧಿಕಾರಿಯ ಮಾತನ್ನೂ. ಅವರು ಡಬ್ಬಿಯ ಮುಚ್ಚಳ ಹಾಕುತ್ತಾ, "ಒಂದಲ್ಲ ಒಂದು ದಿನ ಹೋಗಲೇಬೇಕಲ್ಲ. ನೀವು ಪಾಸಾಗಿ. ಕೇಳಿ, ಏನು ಬೇಕು?" ಎಂದರು. ಮೂರು ತಿಂಗಳು ಅವರು ಹೇಳಿದರು, ನಾನು ಬರೆದುಕೊಂಡೆ. ಒಂದನ್ನೂ ಮುಚ್ಚಿಡಲಿಲ್ಲ. ಏನಾದರೂ ಮುಚ್ಚಿಡಲಿ ದೇವರೇ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

ಬರೆದದ್ದೆಲ್ಲ ಒಂದು ಕೈಪಿಡಿಯಾಯಿತು. ಕೊನೆಗೆ ಅದರ ಪರೀಕ್ಷೆ. ಹೊಸದಾಗಿ ಸೇರಿದ ಗುಮಾಸ್ತೆಯ ಕೈಗೆ ನನ್ನ ಕೈಪಿಡಿ ಕೊಟ್ಟು ಜಮೀನಿನ ಫೈಲು ಹುಡುಕಲು ಹೇಳಬೇಕು, ಚೇಟ್ಟ ತುಟಿ ಬಿಚ್ಚಬಾರದು. ಆಕೆ ಪುಟ ತಿರುಗಿಸಿ, ಏಣಿ ಹತ್ತಿ, ಕ್ಯಾಂಟೀನಿನ ಕಟ್ಟು ಬಿಚ್ಚಿ ಫೈಲನ್ನು ಎತ್ತಿ ತೋರಿಸಿದಳು. ಐದು ನಿಮಿಷವೂ ಆಗಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಚೇಟ್ಟ. ಅಧಿಕಾರಿಯೂ ತಟ್ಟಿದರು. ನನ್ನ ಕೈ ಏಳಲಿಲ್ಲ.

ಮುಂದಿನ ತಿಂಗಳು ಗುತ್ತಿಗೆ ಮುಗಿಯಿತು. ಚೇಟ್ಟ ಕೊಡೆ ಎತ್ತಿಕೊಂಡು, "ಎನ್ನಾ ಪೋಟ್ಟೆ?" ಎಂದರು, ಹಾಗಾದರೆ ಹೊರಡಲಾ ಎಂದು. ನಾಳೆ ಮತ್ತೆ ಬರುವವರ ಹಾಗೆಯೇ ಹೋದರು. ಮಾರನೆಯ ದಿನ ಒಂದು ಗಂಟೆಗೆ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟೆ.

ತಿರುವನಂತಪುರದಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು ಬಹಳ ಹೊಗಳಿದರು. ಸಂಸ್ಥೆ ಇನ್ನು ವ್ಯಕ್ತಿಯೊಬ್ಬನನ್ನು ನೆಚ್ಚಬೇಕಾಗಿಲ್ಲ, ಇದೇ ಈ ಕೆಲಸದ ಗೆಲುವು ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ವಾಪಸು ಬರುವ ರೈಲಿನಲ್ಲಿ, ನಾಚಿಕೆಯಿಲ್ಲದವಳೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕನ್ನಡವಾದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

ಬೈಂಡ್ ಮಾಡಿಸಿದ ಒಂದು ಪ್ರತಿ ಹಿಡಿದು ಏಲೂರಿಗೆ ಹೋದೆ. ಚೇಟ್ಟ ಇಳಿದುಹೋಗಿದ್ದರು. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಏನೋ ಹುಡುಕುತ್ತಿದ್ದಾರೆ ಎಂದು ಗೊತ್ತಾಯಿತು, ಏನೆಂದೂ ಗೊತ್ತಾಯಿತು. ಕೊನೆಯ ಪುಟಕ್ಕೆ ಬಂದು ಮತ್ತೆ ಹಿಂದಕ್ಕೆ ಹೋದರು.

"ಎಲ್ಲ ಕಡೆ 'ಇನ್‌ಫಾರ್ಮೆಂಟ್ ಒನ್' ಅಂತ ಇದೆಯಲ್ಲ, ಅದು ಯಾರು?"

"ನೀವೇ ಚೇಟ್ಟಾ. ಮಾಹಿತಿ ಕೊಟ್ಟವರ ಹೆಸರು ಹಾಕಬಾರದು ಅಂತ ಯೂನಿವರ್ಸಿಟಿ ನಿಯಮ."

"ಹಾಗಾದರೆ ಎರಡು ಯಾರು?"

"ಎರಡು ಇಲ್ಲ. ನೀವೊಬ್ಬರೇ."

ಅವರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಇರೋನು ಒಬ್ಬನೇ ಅಂದಮೇಲೆ ನಂಬರ್ ಯಾಕೆ ಮೇಡಂ?"

ಪರೀಕ್ಷಕರು ಇದನ್ನು ಕೇಳಿರಲಿಲ್ಲ.